ಸಿಡಿಲಮುಷ್ಟಿಯ ಸುಳ್ಳು ಕೈಗಳು

ಬೀಗದ ಮಾವನಿಗೆ ಅನುಮಾನವೆಂಬುದು ಕಾಯಿಲೆಯಾಗಿರಲಿಲ್ಲ, ಕಸುಬಾಗಿತ್ತು. ಬೇರೆಯವರು ಬೆಳಿಗ್ಗೆ ಎದ್ದು ಮುಖ ತೊಳೆಯುವ ಹಾಗೆ ಅವನು ಎದ್ದವನೇ ಅನುಮಾನಪಡುತ್ತಿದ್ದ. ಹಾಲು ತೆಳ್ಳಗಿದೆಯೆಂದು ಅನುಮಾನ. ನೆರೆಯವನು ನಕ್ಕರೆ ಏಕೆ ನಕ್ಕನೆಂದು ಅನುಮಾನ, ನಗದಿದ್ದರೆ ಏನು ಮುಚ್ಚಿಟ್ಟಿದ್ದಾನೆಂದು ಅನುಮಾನ.

ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಅವನ ಅಂಗಡಿ. ಒಳಗೆ ಅವನು ಕೂತರೆ ಗಾಳಿ ಎದ್ದು ಹೊರಗೆ ನಿಲ್ಲಬೇಕು, ಅಷ್ಟೇ ಜಾಗ. ಗೋಡೆ ತುಂಬ ಇನ್ನೂ ಹಲ್ಲು ಮೂಡದ ಕೀಲಿಗಳು, ಹಲಗೆಯ ಮೇಲೆ ಅರಗಳು, ಮೂಲೆಯಲ್ಲೊಂದು ಕಬ್ಬಿಣದ ಕಪಾಟು. ಆ ಕಪಾಟಿನಲ್ಲಿ ಬೀದಿಯವರ ಮರುಕೀಲಿಗಳು ತೂಗುತ್ತಿದ್ದವು. ಕೀಲಿ ಕಳೆದರೆ ಇರಲಿ ಎಂದು ಜನ ನಂಬಿ ಕೊಟ್ಟದ್ದು. ಹೆತ್ತ ಮಕ್ಕಳ ಕೈಗೆ ಕೊಡದ ಕೀಲಿಯನ್ನು ಅವನ ಕೈಗೆ ಕೊಟ್ಟವರೂ ಇದ್ದರು.

ಈ ವಿದ್ಯೆಗೆ ಅವನಿಗೆ ಗುರುವಿರಲಿಲ್ಲ. ಚಿಕ್ಕಂದಿನಲ್ಲಿ ಅಪ್ಪನ ಟ್ರಂಕಿನ ಬೀಗ ಬಿಚ್ಚಿ, ತಿರುಗಿ ಜೋಡಿಸಲಾಗದೆ ಒದೆ ತಿಂದು, ಒದೆಯ ಉರಿ ಆರುವ ಮೊದಲೇ ಮತ್ತೆ ಬಿಚ್ಚಿ ಕಲಿತದ್ದು. ಹಾಗೆ ಕಲಿತದ್ದನ್ನು ಯಾರಿಗೂ ತೋರಿಸಿದವನಲ್ಲ. ಕೀಲಿ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡವರು ಕರೆದರೆ, ಮೊದಲು ಅವರನ್ನೇ ವಿಚಾರಣೆಗೆ ಹಚ್ಚುತ್ತಿದ್ದ. ಒಳಗಿನ ಪರದೆ ಯಾವ ಬಣ್ಣ, ದೀಪದ ಸ್ವಿಚ್ಚು ಎಡಕ್ಕೋ ಬಲಕ್ಕೋ, ಅಡುಗೆಮನೆಯ ಕಿಟಕಿ ಯಾವ ಕಡೆಗೆ? ಉತ್ತರ ಹೊಂದಿದರೆ ಚೀಲದಿಂದ ಎರಡು ತಂತಿ ತೆಗೆದು, "ಮುಖ ಆ ಕಡೆ" ಎನ್ನುತ್ತಿದ್ದ. ಬಾಗಿಲು ತೆರೆಯುವ ತನಕ ಮನೆಯವರೆಲ್ಲ ಬೆನ್ನು ಹಾಕಿ ನಿಲ್ಲಬೇಕು.

ಒಮ್ಮೆ ವಕೀಲರೊಬ್ಬರು ಸಿಡಿದೆದ್ದರು. "ನನ್ನ ಮನೆ ಬಾಗಿಲಿಗೆ ನಾನೇ ಬೆನ್ನು ಹಾಕಬೇಕೇನ್ರೀ?"

"ನೀವು ಹಾಕದಿದ್ರೆ ನಾನು ಹಾಕ್ತೀನಿ" ಎಂದು ಮಾವ ಚೀಲ ಹೆಗಲಿಗೇರಿಸಿದ. ವಕೀಲರು ತೆಪ್ಪಗೆ ತಿರುಗಿದರು.

ಅವನ ಲೆಕ್ಕ ಸರಳವಾಗಿತ್ತು. ಸುತ್ತಮುತ್ತ ಎಲ್ಲೇ ಒಂದು ಗೀರೂ ಬೀಳದೆ ಬಾಗಿಲು ತೆರೆದು ಕಳವಾದರೂ ಮೊದಲ ಬೆರಳು ತೋರುವುದು ತನ್ನ ಕಡೆಗೇ. ವಿದ್ಯೆ ತನ್ನೊಬ್ಬನ ಕೈಯಲ್ಲಿರುವ ತನಕ ತನ್ನ ಮಾತಿಗೆ ಬೆಲೆ. ಸೋರಿತೋ, ಕಪಾಟಿನ ಕೀಲಿಗಳೆಲ್ಲ ಒಂದೇ ದಿನದಲ್ಲಿ ಮನೆಮನೆಗೆ ವಾಪಸ್ಸು.

ಇಂಥವನ ಮನೆಯಲ್ಲಿದ್ದುಕೊಂಡು ತಂಗಿಯ ಮಗಳು ಪುಟ್ಟಿ ಚಿತ್ರಕಲೆ ಓದುತ್ತಿದ್ದಳು. ಅವಳು ಕರೆದು ಕರೆದೇ ಬೀದಿಗೆಲ್ಲ ಅವನು ಮಾವನಾಗಿದ್ದ. ಆ ವರ್ಷ ಕಾಲೇಜಿನಲ್ಲಿ ಒಂದು ಕೆಲಸ ಕೊಟ್ಟರು: ಎಲ್ಲರೂ ಬಲ್ಲ ವೀರನೊಬ್ಬನನ್ನು ತೆಗೆದುಕೊಂಡು ಹೊಸದಾಗಿ ರೂಪಿಸಿ, ಅವನ ಕಥೆಯನ್ನು ಸ್ಟೋರಿಬೋರ್ಡ್ ಮಾಡಿ ತರಬೇಕು.

"ಅದೇನದು ಬೋರ್ಡು?" ಎಂದು ಮಾವ ಕೇಳಿದ.

"ಸಿನಿಮಾ ತೆಗೆಯೋಕೆ ಮುಂಚೆ ಒಂದೊಂದು ದೃಶ್ಯಾನೂ ಚೌಕದೊಳಗೆ ಬರೆದು ಜೋಡಿಸ್ತಾರೆ ಮಾವ. ಯಾರು ಎಲ್ಲಿಂದ ಬಂದ, ಏನು ಮಾಡಿದ, ಎಲ್ಲ ಅದರಲ್ಲೇ ಗೊತ್ತಾಗ್ಬೇಕು."

"ಎಲ್ಲಾನೂ?" ಮಾವನ ಕಿವಿ ನೆಟ್ಟಗಾಯಿತು.

ಅವಳು ಆರಿಸಿಕೊಂಡದ್ದು ಸಿಡಿಲಮುಷ್ಟಿಯನ್ನು. ಅವನನ್ನು ಅರಿಯದ ಮಗುವಿಲ್ಲ. ಕೆಂಪು ಮುಖವಾಡ, ನೀಲಿ ಹೊದಿಕೆ, ಕುಂಬಳಕಾಯಿಯಂಥ ಮುಷ್ಟಿ. ಶಾಲೆಯ ಚೀಲದ ಮೇಲೂ ಅವನೇ, ನೀರಿನ ಬಾಟಲಿಯ ಮೇಲೂ ಅವನೇ. ಯಾರೇ ಎಲ್ಲೇ ಸಿಕ್ಕಿಬೀಳಲಿ, ಬಂದವನೇ ಒಂದು ಗುದ್ದು, ಬಾಗಿಲು ಚಿಂದಿ. ತರಗತಿಯ ಜೊತೆಯವರು ಕೆಲವರು ಅವನ ಮುಷ್ಟಿ ಹಿಗ್ಗಿಸಿದ್ದರು, ಕೆಲವರು ರೆಕ್ಕೆ ಅಂಟಿಸಿದ್ದರು. ಪುಟ್ಟಿ ಅವನನ್ನು ಮುದುಕನನ್ನಾಗಿ ಮಾಡಿದಳು. ಮುಖವಾಡ ಕಿತ್ತು ಹಾಕಿ, ಹೊದಿಕೆಯ ಬದಲು ಹೆಗಲಿಗೊಂದು ಚೀಲ ಕೊಟ್ಟಳು. ಬಾಗಿಲು ಒಡೆಯುವವನಲ್ಲ, ತೆರೆಯುವವನು.

ಇದೆಲ್ಲ ಮಾವನಿಗೆ ಗೊತ್ತಾದದ್ದು ಅವಳು ಹೇಳಿ ಅಲ್ಲ, ಕದ್ದು ನೋಡಿ. ಕೆಲವು ದಿನಗಳಿಂದ ಹುಡುಗಿ ಅಂಗಡಿಯ ಹೊಸ್ತಿಲಲ್ಲಿ ಕೂತು ಏನೋ ಗೀಚುತ್ತಿದ್ದಳು. ಇವನು ತಲೆ ಎತ್ತಿದರೆ ಅವಳು ತಲೆ ತಗ್ಗಿಸುವಳು. ಎಂದೂ ಇಲ್ಲದ ಭಕ್ತಿ ಇಂದೇಕೆ ಎಂದು ಅವನ ತಲೆಯಲ್ಲಿ ಹುಳ ಹೊಕ್ಕಿತು. ಅವಳು ಸ್ನಾನಕ್ಕೆ ಹೋದಾಗ ಹಾಳೆಗಳನ್ನು ತಿರುವಿದ. ಚೌಕದ ಮೇಲೆ ಚೌಕ. ಮುಚ್ಚಿದ ಬಾಗಿಲು, ಬೆನ್ನು ಹಾಕಿ ನಿಂತ ಮನೆಯವರು, ಬೀಗ, ಬೀಗದೊಳಗೆ ತಂತಿ, ತಂತಿ ತಿರುಗುವ ದಿಕ್ಕಿಗೆ ಬಾಣದ ಗುರುತು! ಇಷ್ಟು ವರ್ಷ ಬಾಯಿ ಹೊಲಿದುಕೊಂಡು ಕಾಪಾಡಿದ್ದು ನಾಳೆ ಕಾಲೇಜಿನ ಗೋಡೆಯ ಮೇಲೆ.

ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಮೊದಲು ಸಮಾಧಾನವಾಯಿತು, ಆಮೇಲೆ ಸಿಟ್ಟು ಬಂತು. ಎಲ್ಲ ತಪ್ಪು! ತಂತಿ ಹಿಡಿದ ಬೆರಳು ತಪ್ಪು, ಬಾಣದ ದಿಕ್ಕು ತಪ್ಪು. ಸಾರು ಕಲಕುವವನ ಹಾಗೆ ಸಿಡಿಲಮುಷ್ಟಿ ಬೀಗ ಕಲಕುತ್ತಿದ್ದ. ಈ ಚಿತ್ರ ನೋಡಿ ಬೀಗ ತೆಗೆಯಹೊರಟ ಕಳ್ಳ ಅಲ್ಲೇ ಮುದುಕನಾಗಬೇಕು.

ಎದುರಿನ ಗಡಿಯಾರದಂಗಡಿಯವನು ಅವನ ಹಳೆಯ ಗೆಳೆಯ. ಹುಡುಗಿ ಆ ಹಾಳೆಗಳನ್ನು ಅವನಿಗೆ ತೋರಿಸಿದ್ದಳಂತೆ. "ಏನಪ್ಪಾ ಸಿಡಿಲಮುಷ್ಟಿ" ಎಂದು ಅವನು ರಸ್ತೆಯಾಚೆಯಿಂದಲೇ ಕೂಗಿದ. "ಮೂಗು, ಮೀಸೆ, ಚೀಲ, ಎಲ್ಲಾ ನಿಂದೇ. ಆದ್ರೆ ಬೀಗ ತೆಗೆಯೋದು ನೋಡಿದ್ರೆ ಕಿವಿ ಗುಗ್ಗೆ ತೆಗೆಯೋ ಹಾಗಿದೆ!"

"ನೀನು ಮುಳ್ಳು ನೋಡ್ಕೋ. ಬೆಳಿಗ್ಗೆಯಿಂದ ನಿನ್ನ ಗೋಡೆ ಗಡಿಯಾರ ನಿಂತಿದೆ."

ಬಾಯಲ್ಲೇನೋ ಹಾಗೆ ಹೇಳಿದ. ಒಳಗೆ ಕುದಿಯುತ್ತಿದ್ದ. ಊರೆಲ್ಲ ತನ್ನ ಮುಖ ಗುರುತಿಸುತ್ತದೆ, ತನ್ನ ಕೈ ನೋಡಿ ನಗುತ್ತದೆ. ಸರಿ ಮಾಡಿಸೋಣವೆಂದರೆ ವಿದ್ಯೆ ಬಿಟ್ಟುಕೊಡಬೇಕು. ಹೀಗೆ ಯೋಚಿಸುತ್ತಿದ್ದಾಗಲೇ ಹೊಳೆಯಿತು: ಇದು ಗಾಳ! ಬೇಕೆಂದೇ ತಪ್ಪಾಗಿ ಬರೆದಿದ್ದಾಳೆ. ಕೆರಳಿ ನಾನೇ "ಹಾಗಲ್ಲ, ಹೀಗೆ" ಎಂದು ತೋರಿಸಿಬಿಡಲಿ ಅಂತ. ನನ್ನ ತಂಗಿಯ ಮಗಳಲ್ಲವೇ, ಬುದ್ಧಿ ಎಲ್ಲಿಗೆ ಹೋಗುತ್ತದೆ!

ಅಷ್ಟರಲ್ಲಿ ಕಾಲೇಜಿನಿಂದ ಆ ಹಾಳೆಗಳು ತಿರುಗಿ ಬಂದವು. ಪುಟ್ಟಿ ಊಟದ ಮುಂದೆ ಕೂತು ಹೇಳಿದಳು. "ಮೇಡಂ ಒಪ್ಪಲಿಲ್ಲ ಅತ್ತೆ. ಮುಖ ನಿಜ ಹೇಳ್ತಿದೆ, ಕೈ ಸುಳ್ಳು ಹೇಳ್ತಿದೆ ಅಂದ್ರು. ಈ ವಾರದೊಳಗೆ ತಿದ್ದಿ ತರದಿದ್ರೆ ಫೇಲು. ಇಡೀ ವರ್ಷ ಮತ್ತೆ ಓದ್ಬೇಕು."

ಈಗ ಕೇಳುತ್ತಾಳೆ ಎಂದು ಮಾವ ಅನ್ನ ಕಲಸುತ್ತ ಕಾದ. ಅವಳು ಕೇಳಲಿಲ್ಲ. ಮರುದಿನವೂ ಕೇಳಲಿಲ್ಲ. ಹೊಸ್ತಿಲಲ್ಲಿ ಕೂತು ಬರೆಯುವಳು, ಅಳಿಸುವಳು, ಮತ್ತೆ ಅದೇ ತಪ್ಪು ಬರೆಯುವಳು.

"ಯಾಕೆ ಕೇಳ್ತಿಲ್ಲ ಇವಳು?" ಎಂದು ಹೆಂಡತಿಯ ಹತ್ತಿರ ಪಿಸುಗುಟ್ಟಿದ.

"ಅಲ್ರೀ, ಕೇಳಿದ್ರೂ ಅನುಮಾನ, ಕೇಳದಿದ್ರೂ ಅನುಮಾನ! ನಿಮಗೆ ಬೇಕಾದ ಹಾಗೆ ಬದುಕೋಕೆ ಆ ಮಗು ಗಾಳಿಯಾಗಿ ಹುಟ್ಟಬೇಕಿತ್ತು. ಅವಳ ವರ್ಷ ಹಾಳಾಗತ್ತೆ, ನಿಮಗೆ ನಿಮ್ಮ ತಂತಿ ಹೆಚ್ಚಾಯ್ತು."

ಮಾತು ನಾಟಿತು. ನಾಟಿದರೂ ಮನುಷ್ಯ ತನ್ನ ದಾರಿ ಬಿಡಲಿಲ್ಲ. ಮಾರನೆಯ ದಿನ ಕೀಲಿಯಿಲ್ಲದ ಬೀಗವೊಂದನ್ನು ಹಲಗೆಯ ಮೇಲಿಟ್ಟ, ಪಕ್ಕದಲ್ಲಿ ಮರೆತವನ ಹಾಗೆ ಎರಡೂ ತಂತಿ ಇಟ್ಟ. "ಸ್ವಲ್ಪ ಅಂಗಡಿ ನೋಡ್ಕೊಂಡಿರು, ಬಂದೆ" ಎಂದು ಹೋಗಿ, ಗಡಿಯಾರದಂಗಡಿಯ ಗಾಜಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತ.

"ಭೂತಗನ್ನಡಿ ಬೇಕಾ?" ಎಂದು ಗೆಳೆಯ ಕೇಳಿದ.

"ಶ್! ಬಾಯ್ಮುಚ್ಚು."

ಪುಟ್ಟಿ ಬೀಗವನ್ನು ನೋಡಿದಳು. ಬೀದಿಯ ಆ ಕಡೆ ಈ ಕಡೆ ಕಣ್ಣು ಹಾಯಿಸಿದಳು. ತಂತಿಗಳನ್ನು ಎತ್ತಿಕೊಂಡಳು. ಮಾವ ಗಾಜಿಗೆ ಮೂಗು ಒತ್ತಿದ. ಅವಳ ಬೆರಳುಗಳು ಅವನ ಬೆರಳುಗಳ ಹಾಗೇ ಕೂತವು, ತಲೆ ಅವನ ತಲೆಯ ಹಾಗೇ ಒಂದು ಪಕ್ಕಕ್ಕೆ ವಾಲಿತು, ಬೀಗ ಬಾಯಿ ಬಿಟ್ಟಿತು. ಅವಳು ಅದನ್ನು ಮತ್ತೆ ಅದುಮಿ ಮುಚ್ಚಿ, ತಂತಿಗಳನ್ನು ಮೊದಲಿದ್ದ ಹಾಗೇ ಇಟ್ಟು, ಹಾಳೆ ಎತ್ತಿಕೊಂಡಳು. ಪೆನ್ಸಿಲ್ ಹಿಡಿದು ಮತ್ತೆ ಅದೇ ತಪ್ಪು ಕೈ ಬರೆದಳು.

ಮಾವ ರಸ್ತೆ ದಾಟಿದ್ದು ಅವನಿಗೇ ತಿಳಿಯಲಿಲ್ಲ. "ಯಾವಾಗ ಕಲಿತೆ?"

ಪುಟ್ಟಿ ಬೆಚ್ಚಿದಳು. "ಎಲ್ಲಿಂದ ನೋಡ್ತಿದ್ರಿ?"

"ಅದೆಲ್ಲ ಬೇಡ. ಯಾವಾಗ?"

"ಚಿಕ್ಕವಳಿದ್ದಾಗ ಮಾವ. ರಜಕ್ಕೆ ಬಂದಾಗೆಲ್ಲ ಸೈಕಲ್ ಮೇಲೆ ಕೂರಿಸ್ಕೊಂಡು ಹೋಗ್ತಿದ್ರಲ್ಲ, ಟಾರ್ಚ್ ಹಿಡಿಯೋಕೆ. ಎಲ್ರಿಗೂ ಮುಖ ಆ ಕಡೆ ಅಂತಿದ್ರಿ. ನನಗೆ ಅನ್ನಲೇ ಇಲ್ಲ."

"ಟಾರ್ಚ್ ಹಿಡಿಯೋಳು ಬೇರೆ ಕಡೆ ನೋಡಿದ್ರೆ ಬೆಳಕು..." ಮಾವ ಅರ್ಧಕ್ಕೇ ನಿಲ್ಲಿಸಿದ. ಹೌದು, ಅಂದಿರಲಿಲ್ಲ. ಅನ್ನಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ. "ಯಾರಿಗೆ ಹೇಳಿದ್ದೀಯ?"

"ನಿಮಗೇ ಹೇಳಿಲ್ಲ, ಇನ್ಯಾರಿಗೆ ಹೇಳಲಿ?"

"ಮತ್ತೆ ತಪ್ಪು ಯಾಕೆ ಬರೀತಿದೀಯ? ಫೇಲಾಗೋಕಾ?"

"ಸರಿಯಾಗಿ ಬರೆದ್ರೆ ಗೋಡೆಗೆ ಹಾಕ್ತಾರೆ. ಆಮೇಲೆ ನೀವು ಊಟ ಬಿಡ್ತೀರಿ, ಅತ್ತೆ ನನ್ನ ಜೀವ ತಿಂತಾರೆ." ಅವಳು ನಗಲು ನೋಡಿದಳು, ಆಗಲಿಲ್ಲ.

ನನ್ನನ್ನು ಕರಗಿಸಲು ಹೀಗೆನ್ನುತ್ತಿದ್ದಾಳೋ ಎಂದು ಒಳಗಿನ ಹುಳ ಆಗಲೂ ಒಮ್ಮೆ ಮಿಸುಕಿತು. ಮಾವ ಅದಕ್ಕೆ ಕಿವಿಗೊಡಲಿಲ್ಲ. ಅಂಗಡಿ ಮುಚ್ಚಿ, ಅವಳ ಹಾಳೆಗಳನ್ನು ತಾನೇ ಕಂಕುಳಲ್ಲಿ ಅವುಚಿಕೊಂಡು, "ನಡಿ, ನಿನ್ನ ಮೇಡಂ ಹತ್ರ" ಎಂದ.

ಮೇಡಂ ತೋಳಿನ ತನಕ ಬಣ್ಣ ಮೆತ್ತಿಕೊಂಡ ಗಟ್ಟಿ ಹೆಂಗಸು. ಚಿತ್ರವನ್ನೂ ಅವನನ್ನೂ ಮತ್ತೆಮತ್ತೆ ನೋಡಿದರು. "ನಿಮ್ಮ ಕೈನಾ ಇದು?"

"ನನ್ನ ಕೈ ಅಲ್ಲ ಅಂತ ಹೇಳೋಕೇ ಬಂದೆ. ಸರಿಯಾದದ್ದು ಇವಳಿಗೆ ಗೊತ್ತು. ಬೇಕು ಅಂತಲೇ ತಪ್ಪು ಬರೆದಿದ್ದಾಳೆ, ನನ್ನ ಗುಟ್ಟು ಹೊರಗೆ ಬರಬಾರದು ಅಂತ."

ಮೇಡಂ ಹುಬ್ಬು ಏರಿಸಿದರು. "ಫೇಲಾಗೋ ಮಕ್ಕಳ ಮನೆಯವರು ಒಂದೊಂದು ಕಾರಣ ತರ್ತಾರೆ. ಇದು ಹೊಸದು. ಗೊತ್ತು ಅನ್ನೋದಕ್ಕೆ ಸಾಕ್ಷಿ ಏನು? ನೀವೇ ಮಾವ ಅನ್ನೋದಕ್ಕಾದ್ರೂ ಏನಿದೆ?"

ಜೀವಮಾನವೆಲ್ಲ ಬೇರೆಯವರನ್ನು ಹೀಗೆ ಬಾಗಿಲ ಹೊರಗೆ ನಿಲ್ಲಿಸಿ ಕೇಳಿದವನಿಗೆ ಮೈ ಬೆವರಿತು. ನಿಜ ಹೇಳುವವನಿಗೂ ನಾಲಿಗೆ ತಡವರಿಸುತ್ತದೆಂದು ಅವನಿಗೆ ಆಗ ಗೊತ್ತಾಯಿತು. "ಸಾಕ್ಷಿ ಇಲ್ಲ ತಾಯಿ" ಎಂದ. "ನಂಬಿದ್ರೆ ಉಂಟು."

ಮೇಡಂ ಹಾಳೆಯನ್ನು ಪುಟ್ಟಿಯ ಕಡೆ ತಳ್ಳಿದರು. "ಅಲ್ಲಮ್ಮ, ಕೈ ತೋರಿಸೋ ಮನಸ್ಸಿಲ್ಲ ಅಂದ್ರೆ ಕೈ ಯಾಕೆ ಬರೀಬೇಕು? ಸುಳ್ಳು ಬರೀಬೇಡ, ಬೇರೆ ಕಡೆ ನಿಂತು ಬರಿ. ಬೆನ್ನು ತಿರುಗಿಸಿ ನಿಂತಿರ್ತಾರಲ್ಲ ಮನೆಯೋರು, ಅವರ ಮುಖ ಹೇಗಿರತ್ತೆ? ಅದನ್ನ ತಗೊಂಡು ಬಾ. ನಾಳೆ ಕೊನೆ."

ಮಾವ ಬಾಯಿ ಬಿಟ್ಟು ನೋಡಿದ. ಇಷ್ಟು ಸಲೀಸಾದ ದಾರಿ ತನ್ನ ತಲೆಗೆ ಹೊಳೆಯದೆ ಹೋದದ್ದಕ್ಕೆ ಅವನಿಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

"ಹೇಗಿರತ್ತೆ ಮಾವ?" ಎಂದು ಪುಟ್ಟಿ ದಾರಿಯಲ್ಲಿ ಕೇಳಿದಳು. ಅವನಿಗೆ ಗೊತ್ತಿರಲಿಲ್ಲ. ಅವನು ಕಂಡದ್ದು ಬರೀ ಬೆನ್ನುಗಳನ್ನು.

ಮರುದಿನ ಬೆಳಿಗ್ಗೆ ಅವಳು ಅವನನ್ನು ಅಂಗಡಿಯ ಬಾಗಿಲಲ್ಲಿ ರಸ್ತೆಗೆ ಮುಖ ಮಾಡಿಸಿ ನಿಲ್ಲಿಸಿದಳು. ಮುಖ ತನಗೆ ಕಾಣಲೆಂದು, ಅವನು ಗಡ್ಡ ಬೋಳಿಸಿಕೊಳ್ಳುವ ಕನ್ನಡಿಯನ್ನು ಬಾಗಿಲ ಪಕ್ಕಕ್ಕೆ ಸಿಕ್ಕಿಸಿದಳು. ಹಿಂದೆ ಹಲಗೆಯ ಮೇಲೆ ಹಳೆಯ ಬೀಗವೊಂದನ್ನು ತೆಗೆಯತೊಡಗಿದಳು. ಸ್ವಲ್ಪ ಹೊತ್ತಿಗೇ ಪೆನ್ಸಿಲ್ ಕೆಳಗಿಟ್ಟಳು.

"ಈ ಮುಖ ಬೇಡ ಮಾವ. ಬಸ್ಸಿಗೆ ಕಾಯ್ತಿರೋ ಹಾಗಿದೀರಿ."

"ಆ ತುಕ್ಕು ಬೀಗಕ್ಕೆ ಇನ್ನೆಂಥ ಮುಖ ಮಾಡಲಿ? ಅದರಲ್ಲಿ ನನ್ನದೇನು ಹೋಗತ್ತೆ?"

ಹೇಳಿದವನು ತಾನೇ ತಡೆದ. ರಸ್ತೆಯಲ್ಲಿ ಜನ ಓಡಾಡುತ್ತಿದ್ದರು, ಅವರಲ್ಲಿ ಅರ್ಧ ಜನರ ಮನೆ ಅವನ ಮೂಲೆಯಲ್ಲಿ ತೂಗುತ್ತಿತ್ತು. "ಕಪಾಟು ತೆಗಿ" ಎಂದ.

"ಯಾವ ಕಪಾಟು? ಕೀಲಿಗಳದ್ದಾ?"

"ಕೀಲಿ ಕೊಡಲ್ಲ. ತಂತಿಯಲ್ಲೇ ತೆಗಿ. ಬೇಗ, ಮನಸ್ಸು ಬದಲಾಯಿಸ್ತೀನಿ."

ಹಿಂದೆ ತಂತಿ ಒಳಗೆ ಹೋದ ಸಣ್ಣ ಸದ್ದು. ಮಾವನ ಕುತ್ತಿಗೆಯ ಕೂದಲು ನಿಮಿರಿತು. ದವಡೆ ತಾನಾಗಿ ಬಿಗಿಯಿತು. ಅವಳ ಕೈ ಜಾರಿತೇ? ಗೀರಿತೇ? ಯಾರಾದರೂ ನೋಡುತ್ತಿದ್ದಾರೆಯೇ?

"ಏನಪ್ಪಾ, ಕಟ್ಟಿ ಹಾಕಿದ್ದಾರಾ?" ಎಂದು ಗಡಿಯಾರದವನು ಕೂಗಿದ. "ಹೆಂಡತಿ ಹೆರಿಗೆ ದಿನ ನಿಂತಿದ್ಯಲ್ಲ, ಹಾಗೇ ನಿಂತಿದೀಯ!"

"ಮಾತಾಡಿಸ್ಬೇಡ ಕಣೋ!"

"ಅಲ್ಲಾಡ್ಬೇಡಿ ಮಾವ" ಎಂದಳು ಪುಟ್ಟಿ. "ಇದೇ, ಇದೇ ಮುಖ." ತಂತಿಯ ಸದ್ದು ನಿಂತು ಪೆನ್ಸಿಲಿನ ಸರಸರ ಶುರುವಾಯಿತು, ಅದು ನಿಂತು ಮತ್ತೆ ತಂತಿ. ಸಂಜೆ ಮೇಡಂ ಸಹಿ ಹಾಕಿದ್ದು ಈ ಮುಖಕ್ಕೇ. ಅದು ಆಮೇಲಿನ ಮಾತು. ಆ ಹೊತ್ತಿನಲ್ಲಿ ಅವನಿಗೆ ಬೆನ್ನ ಹಿಂದಿನದಲ್ಲದೆ ಬೇರೆ ಲೋಕವಿರಲಿಲ್ಲ.

ಕಪಾಟಿನ ಬಾಗಿಲು ಕಿರ್ರೆಂದು ತೆರೆಯಿತು. ಒಳಗೆ ಬೀದಿಯವರ ಕೀಲಿಗಳೆಲ್ಲ ಒಮ್ಮೆ ಗಲಗಲ ಎಂದವು. ಕಣ್ಣು ಒಂದಿಷ್ಟು ಹೊರಳಿಸಿದರೆ ಸಾಕು, ಪಕ್ಕದ ಕನ್ನಡಿಯಲ್ಲಿ ಅವಳ ಕೈ ಏನು ಮಾಡುತ್ತಿದೆಯೆಂದು ಪೂರ್ತಿ ಕಾಣುತ್ತಿತ್ತು.

"ತಿರುಗಲಾ?" ಎಂದು ಮಾವ ಕೇಳಿದ.

"ಇನ್ನೂ ಇಲ್ಲ."

"ಬೇಗ ಮುಗಿಸೇ" ಎಂದು ಗೊಣಗಿ, ಅವನು ರಸ್ತೆಯನ್ನೇ ನೋಡುತ್ತ ನಿಂತ.