ಬೆಕ್ಕಿನ ಮರಿಗೆ ಮನೆ ಹುಡುಕಿದ್ದು

ಆ ಬೀಗತಿಯ ಮಾತೆತ್ತಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ವಯಸ್ಸಾಯಿತು, ಮರೆತುಬಿಡಿ ಅತ್ತೆ, ಅಂತ ಸೊಸೆಯರು ಹೇಳುತ್ತಾರೆ. ಹೇಳುವವರಿಗೇನು.

ಅಣೆಕಟ್ಟಿನ ನೀರು ತಮಿಳು ಸೀಮೆಯ ನಮ್ಮ ಕಂಬಂ ಕಣಿವೆಗೆ ಹರಿದ ಹೊಸತು. ಜೋಳದ ಹೊಲವೆಲ್ಲ ಗದ್ದೆಯಾಗಿ ಮನೆಮನೆಯ ಕಣಜದಲ್ಲೂ ಭತ್ತ, ಭತ್ತದ ಹಿಂದೆಯೇ ಇಲಿ. ನಮ್ಮ ಹಿತ್ತಿಲಲ್ಲಿ ಮರಿ ಹಾಕಿದ ಬೆಕ್ಕನ್ನು ನಾಯಿ ಹಿಡಿಯಿತು. ಮರಿಗಳನ್ನು ಊರಿನ ಗಂಡು ಬೆಕ್ಕು ಕಚ್ಚಿ ಕೊಂದಿತು. ಉಳಿದ ಒಂದೇ ಒಂದನ್ನು ನನ್ನ ಮಗಳು ಹತ್ತಿಬತ್ತಿ ಹಾಲಿಗದ್ದಿ ಚೀಪಿಸಿ ಬದುಕಿಸಿದಳು. ಆ ಗಂಡು ಬೆಕ್ಕು ದಿನಾ ಬಂದು ಗೋಡೆ ಮೇಲೆ ಕೂರುತ್ತಿತ್ತು. ಮರಿಗೆ ಬೇರೆ ಊರಲ್ಲಿ ಮನೆ ನೋಡದೆ ವಿಧಿಯಿರಲಿಲ್ಲ.

ಸಂತೆಗೆ ಬಂದ ನೆಂಟರೆಲ್ಲ ಬೆಕ್ಕು ಬೇಕು, ಬೆಕ್ಕು ಬೇಕು ಅಂತಲೇ ಬರುತ್ತಿದ್ದರು. ಬಂದು, ಅದು ತನ್ನ ಬಾಲ ತಾನೇ ಅಟ್ಟಿಸಿಕೊಂಡು ಸುತ್ತುವುದನ್ನೂ ನನ್ನ ಸೆರಗಿಗೆ ಜೋತು ಬೀಳುವುದನ್ನೂ ನೋಡಿ, "ಇದಕ್ಕೆ ಆಟ ಜಾಸ್ತಿ, ಇಲಿ ಹಿಡಿಯೋ ಜಾತಿ ಅಲ್ಲ" ಅಂತ ಮಜ್ಜಿಗೆ ಕುಡಿದು ಎದ್ದು ಹೋಗುತ್ತಿದ್ದರು. ಹಾಲು ಕುಡಿಯೋ ಕೂಸು ಆಡದೆ ನೇಗಿಲು ಹಿಡಿಯುತ್ತದಾ?

ಆಗಲೇ ಬೀಗತಿ ಬಂದಳು, ಬೋಡಿ ಊರಿನ ಕಡೆಯವಳು. ಹಿಂದಿನ ವರ್ಷ ಅವಳ ಮಗನಿಗೆ ಮರಿ ಸಾಕಿದ ನಮ್ಮ ಈ ಹುಡುಗಿಯನ್ನೇ ಕೊಟ್ಟು ಮದುವೆ ಮಾಡಿದ್ದೆವು. ಹುಡುಗಿ ಇನ್ನೂ ಮೈನೆರೆದಿರಲಿಲ್ಲ. ನೆರೆಯುವ ತನಕ ಹೆಣ್ಣು ತವರಲ್ಲಿರುವುದು ನಮ್ಮ ಪದ್ಧತಿ. ಬೀಗತಿಗೆ ಯಾವ ಪದ್ಧತಿ? "ಕೊಯ್ಲಿಗೆ ಕೈ ಸಾಲದು ಅಕ್ಕಾ, ಈಗಲೇ ಕಳಿಸಿ. ಮಗಳ ಹಾಗೆ ನೋಡ್ಕೋತೀನಿ" ಅಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಗಂಡ ಹೂಂ ಅಂದುಬಿಟ್ಟಿದ್ದ.

ಹುಡುಗಿ ಅಳಲಿಲ್ಲ. ಮರಿಯೂ ಬರಲಿ ಅಂತ ಮಾತ್ರ ಹಟ ಹಿಡಿದಳು. ಬೀಗತಿ ಮೂಗು ಮುರಿದಳು, ಆಮೇಲೆ ಕಣಜದ ಇಲಿ ನೆನಪಾಯಿತೇನೋ, ಒಪ್ಪಿದಳು. ಗೋಣಿಚೀಲದಲ್ಲಿ ಮರಿ, ಅದನ್ನು ಮಡಿಲಲ್ಲಿಟ್ಟುಕೊಂಡು ನನ್ನ ಕೂಸು, ಇಬ್ಬರೂ ಒಂದೇ ಗಾಡಿಯಲ್ಲಿ ಹೋದರು.

ಕೊಯ್ಲು, ಒಕ್ಕಣೆ ಮುಗಿದ ಮೇಲೆ ಬೀಗತಿಯೇ ಹುಡುಗಿಯನ್ನು ವಾಪಸ್ಸು ಕರೆತಂದಳು. ಹುಡುಗಿಯ ಬೆರಳ ತುಂಬ ಕುಡುಗೋಲಿನ ಗಾಯ. ಜಗುಲಿ ಮೇಲೆ ಕಾಲು ಚಾಚಿ ಕೂತು ಬೀಗತಿ ಹೇಳಿದಳು: "ಇವಳಿಗೆ ಆಟ ಜಾಸ್ತಿ ಅಕ್ಕಾ. ಒಲೆ ಮುಂದೆ ಕೂರಿಸಿದರೆ ಕಡ್ಡಿ ಹಿಡಿದು ಬೆಕ್ಕು ಕುಣಿಸ್ತಾಳೆ. ದೊಡ್ಡವಳಾಗಲಿ, ಆಮೇಲೆ ನೋಡೋಣ."

"ಬೆಕ್ಕೆಲ್ಲಿ?" ಅಂದೆ.

"ಅದು ನಮ್ಮಲ್ಲೇ ಇರಲಿ ಬಿಡಿ. ಈಗ ಚೆನ್ನಾಗಿ ಇಲಿ ಹಿಡಿಯುತ್ತೆ."

ನನಗೆ ಸಿಟ್ಟು ನೆತ್ತಿಗೇರಿತು. ಮರುದಿನವೇ ಗಂಡನನ್ನು ಕೇಳದೆ ಗಾಡಿ ಕಟ್ಟಿಸಿಕೊಂಡು ಅವರ ಊರಿಗೆ ಹೋದೆ. ಬೆಕ್ಕು ಅವರ ಕಣಜದ ಮೇಲೆ ಮಲಗಿತ್ತು, ಮೈ ಕೈ ತುಂಬಿಕೊಂಡು. ಎತ್ತಿ ಚೀಲಕ್ಕೆ ಹಾಕಿದೆ. "ಕೊಟ್ಟದ್ದನ್ನ ಯಾರಾದರೂ ವಾಪಸ್ಸು ತಗೋತಾರಾ?" ಅಂತ ಬೀಗತಿ ಅಡ್ಡ ನಿಂತಳು. "ನಾವು ಕೊಟ್ಟದ್ದನ್ನ ನೀವೇ ತಂದು ಜಗುಲಿ ಮೇಲೆ ಬಿಟ್ಟು ಹೋದಿರಲ್ಲ" ಅಂದೆ. ಇನ್ನೂ ಏನೇನೋ ಅಂದೆ, ಕೇರಿಯೆಲ್ಲ ಬಾಗಿಲಿಗೆ ಬಂದು ಕೇಳುವ ಹಾಗೆ. ಅದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ.

ದಾರಿಯುದ್ದಕ್ಕೂ ಗೆದ್ದೆ ಅಂತಲೇ ಬೀಗಿದ್ದೆ. ಮನೆಯಲ್ಲಿ ಚೀಲ ಬಿಚ್ಚಿದಾಗ ಬೆಕ್ಕು ಹುಡುಗಿಯ ಕಾಲು ಸುತ್ತಿತು. ಈಗ ಗಂಡು ಬೆಕ್ಕಿಗೆ ಹೆದರುವಷ್ಟು ಸಣ್ಣದೂ ಅಲ್ಲ, ಇಲ್ಲೇ ಇರಲಿ ಅಂದೆ. ಅವಳು ಅದನ್ನು ಎತ್ತಿಕೊಂಡು ನನ್ನ ಮುಖ ನೋಡಿದಳು.

"ಇದನ್ನ ಇನ್ಯಾರಿಗೂ ಕೊಡಬೇಡ ಅವ್ವಾ," ಅಂದಳು. "ಬೇಕಾದರೆ ನನ್ನ ಕೊಡು."