ಚಿಕ್ಕಕ್ಷರದ ಅಕ್ಕ

ಅವನಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು. ಆದರೆ ಸಂಬಳದ ದಿನ ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಕಣ್ಣಿಲ್ಲದವರಿಗಾಗಿ ಪುಸ್ತಕಗಳನ್ನು ಓದಿಸಿ ರೆಕಾರ್ಡ್ ಮಾಡಿ ಹಂಚುವ ಆ ಗ್ರಂಥಾಲಯದಲ್ಲಿ ಎಲ್ಲರ ಬಾಯಲ್ಲೂ ಅವನು ಕತ್ತರಿ. ಓದುವವರು ಕೆಮ್ಮಿದರೆ ಕೆಮ್ಮನ್ನು, ತಡವರಿಸಿದರೆ ತಡವರಿಕೆಯನ್ನು, ಕುರ್ಚಿ ಕಿರುಗುಟ್ಟಿದರೆ ಕಿರುಗುಟ್ಟಿದ್ದನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ತೆಗೆದು, ಹೊಲಿಗೆ ಗೊತ್ತಾಗದ ಹಾಗೆ ಮಾತಿಗೆ ಮಾತು ಜೋಡಿಸುವುದು ಅವನ ಕೆಲಸ. ಆ ಕೆಲಸದಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ ಎಂದು ಹೇಳಿದರೆ ಹೊಗಳಿಕೆಯಾಗುವುದಿಲ್ಲ, ದೂರೇ ಆಗುತ್ತದೆ. ಯಾಕೆ ಎಂದು ಮುಂದೆ ತಿಳಿಯುತ್ತದೆ.

ರೆಕಾರ್ಡಿಂಗ್ ಕೋಣೆ ಎಂದರೆ ಮಹಡಿಯ ಮೂಲೆಯಲ್ಲಿದ್ದ ಒಂದು ಗೂಡು. ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು, ಬಾಗಿಲಿಗೆ ಒಳಗಿನಿಂದ ದಪ್ಪ ಕಂಬಳಿ, ನಡುವೆ ಒಂದು ಗಾಜು. ಗಾಜಿನ ಆಚೆ ಮೈಕಿನ ಮುಂದೆ ಓದುವವರು, ಈಚೆ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡ ಕತ್ತರಿ. ಓದು ಶುರುವಾದರೆ ಫ್ಯಾನ್ ಬಂದ್. ಕತ್ತರಿ ಏನಾದರೂ ಹೇಳಬೇಕೆಂದರೆ ಒಂದು ಗುಂಡಿ ಒತ್ತಿ ಹೇಳಬೇಕು. ಅವನ ಮಾತು ಓದುವವರ ಕಿವಿಗೆ ಮಾತ್ರ ಹೋಗುತ್ತಿತ್ತು, ರೆಕಾರ್ಡ್ ಆಗುತ್ತಿರಲಿಲ್ಲ. ಆದರೂ ಬಾಯಿ ಬಿಟ್ಟರೆ ಮುತ್ತು ಉದುರಿಹೋಗುತ್ತದೆಯೇನೋ ಅನ್ನುವ ಹಾಗೆ ಒಂದೋ ಎರಡೋ ಪದದಲ್ಲಿ ಮುಗಿಸಿಬಿಡುತ್ತಿದ್ದ.

ಓದುವವರಲ್ಲಿ ಮೊದಲನೆಯವಳು, ಕೇಳುಗರಿಗೆಲ್ಲ ಅಚ್ಚುಮೆಚ್ಚಿನವಳು, ಅವನ ಸ್ವಂತ ಅಕ್ಕ. ಅವನಿಗೆ ಬುದ್ಧಿ ತಿಳಿಯುವ ಮೊದಲೇ ಅಮ್ಮ ತೀರಿಕೊಂಡಿದ್ದಳು. ತಲೆ ಬಾಚಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು, ಹಟ ಮಾಡಿದಾಗ ಬೆನ್ನಿಗೆ ಒಂದು ಬಿಟ್ಟು ಆಮೇಲೆ ತಾನೇ ಅತ್ತದ್ದು, ಎಲ್ಲ ಅಕ್ಕನೇ. ಅವಳು ಒಂದು ಅಚ್ಚಿನ ಮನೆಯಲ್ಲಿ ಕೆಲಸಕ್ಕಿದ್ದಳು. ಕರಡು ತಿದ್ದುವವನು ಅಚ್ಚಾದ ಹಾಳೆ ನೋಡುತ್ತಿದ್ದರೆ, ಇವಳು ಎದುರಿಗೆ ಕೂತು ಮೂಲವನ್ನು ಗಟ್ಟಿಯಾಗಿ ಓದಿ ಹೇಳಬೇಕು. ವರ್ಷಗಟ್ಟಲೆ ಓದಿ ಓದಿ ಅವಳ ನಾಲಿಗೆ ಪಳಗಿಹೋಗಿತ್ತು. ಅಚ್ಚಿನ ಮನೆಗೆ ಬೀಗ ಬಿದ್ದಾಗ ತಮ್ಮ ಅವಳನ್ನು ಇಲ್ಲಿಗೆ ಕರೆತಂದ. ಬಂದ ಹೊಸದರಲ್ಲಿ ಹಳೆ ಚಾಳಿ ಬಿಡದೆ ಕತೆಯ ನಡುವೆ "ಅಲ್ಪವಿರಾಮ", "ಹೊಸ ಪ್ಯಾರಾ" ಎಂದೂ ಓದಿಬಿಡುತ್ತಿದ್ದಳು. ತಮ್ಮ ಒಂದೊಂದಾಗಿ ಕತ್ತರಿಸಿದ.

ಗಾಜಿನ ಆಚೆ ಕೂತರೂ ಅಕ್ಕ ಅಕ್ಕನೇ. ಓದುತ್ತ ಓದುತ್ತ ನಿಲ್ಲಿಸಿ, "ಲೋ, ಮಧ್ಯಾಹ್ನ ಏನಾದ್ರೂ ತಿಂದ್ಯೋ ಇಲ್ವೋ? ಮುಖ ನೋಡು, ಹಾಲು ಕುಡಿದ ಮಕ್ಕಳೇ ಬದುಕಲ್ಲ, ನೀನು ಗಾಳಿ ಕುಡಿದು ಬದುಕ್ತೀಯಾ?" ಅನ್ನುವಳು. ವಾಕ್ಯ ಉದ್ದವಾದರೆ ಬರೆದವನಿಗೇ ಮಂಗಳಾರತಿ: "ಈ ಪುಣ್ಯಾತ್ಮ ಉಸಿರಾಡ್ತಿದ್ನೋ ಇಲ್ವೋ ಬರೆಯುವಾಗ?" ದುಃಖದ ಪುಟ ಬಂದರೆ ಮೂಗು ಒರೆಸಿಕೊಂಡು, "ನಿಲ್ಸೋ, ನನ್ನ ಕೈಲಿ ಆಗಲ್ಲ" ಎಂದು ನೀರು ಕುಡಿಯುವಳು. ಸಂಜೆ ತಮ್ಮ ಕೂತು ಎಲ್ಲವನ್ನೂ ತೆಗೆಯುತ್ತಿದ್ದ. ಕೇಳುಗರಿಗೆ ಹೋಗುತ್ತಿದ್ದದ್ದು ತೊಳೆದಿಟ್ಟ ತಟ್ಟೆಯಂಥ ಓದು.

ಆದರೆ ಕತ್ತರಿಸಿ ತೆಗೆದದ್ದನ್ನು ಅವನು ಎಸೆಯುತ್ತಿರಲಿಲ್ಲ. ಕಚ್ಚಾ ಓದನ್ನು ಇದ್ದ ಹಾಗೇ ಒಂದು ಫೋಲ್ಡರಿನಲ್ಲಿ, ತಿದ್ದಿದ್ದನ್ನು ಇನ್ನೊಂದರಲ್ಲಿ ಇಡುವುದು ಅವನ ಪದ್ಧತಿ. ಎರಡಕ್ಕೂ ಓದಿದವರ ಹೆಸರೇ. ಕಚ್ಚಾದಕ್ಕೆ ಇಂಗ್ಲಿಷಿನ ಚಿಕ್ಕ ಅಕ್ಷರ, ತಿದ್ದಿದ್ದಕ್ಕೆ ದೊಡ್ಡ ಅಕ್ಷರ. ಒಳಗಿನ ಪುಸ್ತಕ, ಅಧ್ಯಾಯಗಳ ಹೆಸರು ಎರಡರಲ್ಲೂ ಒಂದೇ. ನಮ್ಮ ಅಕ್ಷರಗಳಲ್ಲಿ ಇಂಥ ದೊಡ್ಡಣ್ಣ ಚಿಕ್ಕಣ್ಣರ ಭೇದವಿಲ್ಲ. ಇಂಗ್ಲಿಷಿನಲ್ಲಿದೆ, ಪುಕ್ಕಟೆ ಸಿಕ್ಕ ಅನುಕೂಲ ಯಾಕೆ ಬಿಡಬೇಕು ಎಂದುಕೊಂಡಿದ್ದ. ಅವನೇ ಜೋಡಿಸಿದ ಹಳೆಯ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಆ ಭೇದವನ್ನು ಚಾಚೂ ತಪ್ಪದೆ ಪಾಲಿಸುತ್ತಿತ್ತು. ಅದರ ಲೆಕ್ಕದಲ್ಲಿ ಚಿಕ್ಕಕ್ಷರದ ಅಕ್ಕ ಬೇರೆ, ದೊಡ್ಡಕ್ಷರದ ಅಕ್ಕ ಬೇರೆ.

ಅಕ್ಕ ಹೋದದ್ದು ಚಳಿಗಾಲದಲ್ಲಿ, ಆಸ್ಪತ್ರೆಯಲ್ಲಿ, ಮಾತಿಲ್ಲದೆ. ಕೊನೆಯ ವಾರವೆಲ್ಲ ಗಂಟಲಿಗೆ ನಳಿಗೆ ಹಾಕಿದ್ದರು. ಮನೆಗೆ ಬಂದ ಮೇಲೆ ಅವನಿಗೆ ಒಂದು ಸಂಗತಿ ಹೊಳೆಯಿತು: ಅಕ್ಕನ ದನಿಯಿರುವ ಒಂದು ವಿಡಿಯೋ ಕೂಡ ಮನೆಯಲ್ಲಿ ಇಲ್ಲ. ದಿನಾ ಬೆಳಗಾದರೆ ಅವಳ ದನಿ ಹಿಡಿಯುವವನಿಗೆ ಮನೆಯಲ್ಲೂ ಫೋನ್ ಹಿಡಿದು ಕೂರಬೇಕೆಂದು ಯಾಕೆ ಅನ್ನಿಸೀತು? ಇರಲಿ, ಚಿಕ್ಕಕ್ಷರದ ಫೋಲ್ಡರ್ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡ. ದೊಡ್ಡಕ್ಷರದಲ್ಲಿ ಅಕ್ಕ ಊರಿಗೆಲ್ಲ ಓದುತ್ತಿದ್ದಳು. ಚಿಕ್ಕಕ್ಷರದಲ್ಲಿ ಅವನೊಬ್ಬನ ಹತ್ತಿರ ಮಾತಾಡುತ್ತಿದ್ದಳು. ಅದನ್ನು ಕೂಡಲೇ ತೆರೆದು ಕೇಳುವ ಧೈರ್ಯ ಮಾತ್ರ ಬರಲಿಲ್ಲ. ಎದೆ ಸ್ವಲ್ಪ ಗಟ್ಟಿಯಾಗಲಿ, ಎಲ್ಲಿಗೆ ಹೋಗುತ್ತದೆ ಎಂದುಕೊಂಡ.

ಬೇಸಿಗೆಯಲ್ಲಿ ಹೊಸ ಕಂಪ್ಯೂಟರುಗಳು ಬಂದವು, ಬೇರೆ ಕಂಪನಿಯವು, ಬೇರೆ ಸಿಸ್ಟಂನವು. ಹಳೆಯದರಲ್ಲಿದ್ದದ್ದನ್ನೆಲ್ಲ ಕತ್ತರಿಯೇ ಹೊಸದಕ್ಕೆ ಸಾಗಿಸಲು ಕೂತ. ಅರ್ಧ ದಾರಿಯಲ್ಲಿ ಕರೆಂಟ್ ಹೋಯಿತು. ಮರುದಿನ ಮತ್ತೆ ಮೊದಲಿನಿಂದ ಶುರುಮಾಡಿದಾಗ ಹೊಸ ಯಂತ್ರ ಕೇಳಿತು: ಈ ಹೆಸರಿನದು ಆಗಲೇ ಇದೆ, ಅದರ ಜಾಗದಲ್ಲಿ ಇದನ್ನು ಇಡಲೇ? ನಿನ್ನೆ ಅರ್ಧಕ್ಕೆ ನಿಂತದ್ದರ ಮಾತು ಹೇಳುತ್ತಿದೆ ಎಂದು ಅವನು ತಿಳಿದ. ಒಂದೊಂದಕ್ಕೂ ಉತ್ತರ ಕೊಡಲು ಬೇಸರವಾಗಿ, ಎಲ್ಲದಕ್ಕೂ ಹೌದು ಎಂದು ಒತ್ತಿ ಊಟಕ್ಕೆ ಹೋದ.

ಹೊಸ ಸಿಸ್ಟಂಗೆ ಚಿಕ್ಕಕ್ಷರ, ದೊಡ್ಡಕ್ಷರ ಎರಡೂ ಒಂದೇ. ಕುರುಡುಗಣ್ಣಿಗೆ ಹಗಲೇನು ರಾತ್ರಿಯೇನು ಎಂದು ಈ ಗ್ರಂಥಾಲಯದಲ್ಲಿ ಯಾರೂ ಹೇಳುವುದಿಲ್ಲ, ಹೇಳಿದರೆ ಕೇಳುಗರು ಸುಮ್ಮನಿರುವುದಿಲ್ಲ, ಆದ್ದರಿಂದ ನಾನೂ ಹೇಳುವುದಿಲ್ಲ. ಮೊದಲು ಚಿಕ್ಕಕ್ಷರದ ಅಕ್ಕ ಬಂದು ಕೂತಳು. ಹಿಂದೆಯೇ ದೊಡ್ಡಕ್ಷರದ ಅಕ್ಕ ಬಂದು, ಅಧ್ಯಾಯದ ಮೇಲೆ ಅಧ್ಯಾಯ, ಅವಳನ್ನು ಅಳಿಸಿ ಅದೇ ಜಾಗದಲ್ಲಿ ಕೂತಳು. ಅನ್ನ ತಿನ್ನುತ್ತಿದ್ದ ತಮ್ಮನಿಗೆ ಗೊತ್ತಾಗಲಿಲ್ಲ. ಮಧ್ಯಾಹ್ನ ಬಂದು, ಒಂದೆರಡು ಪುಸ್ತಕ ಹಾಕಿ ಕೇಳಿ, ಸರಿಯಿದೆ ಎಂದು ಹಳೆಯ ಡಿಸ್ಕನ್ನು ಮತ್ತೆ ಓದಲು ಬಾರದಂತೆ ಶುದ್ಧವಾಗಿ ಒರೆಸಿದ. ಅಚ್ಚುಕಟ್ಟು ಮನುಷ್ಯ ನೋಡಿ. ಹಳೆ ಪೆಟ್ಟಿಗೆ ಯಾವುದೋ ಶಾಲೆಗೆ ಹೋಯಿತು.

ಎದೆ ಗಟ್ಟಿಯಾದ ದಿನ ಅವನು ಕೋಣೆಯ ಬಾಗಿಲು ಹಾಕಿಕೊಂಡು ಹೆಡ್‌ಫೋನ್ ಏರಿಸಿದ. ಅಕ್ಕನ ಹೆಸರಿನದು ಒಂದೇ ಫೋಲ್ಡರ್ ಕಂಡಿತು, ಚಿಕ್ಕಕ್ಷರದಲ್ಲೇ ಇತ್ತು. ತೆರೆದ. ಅಕ್ಕ ಓದಿದಳು. ಈಗ ನಿಲ್ಲಿಸುತ್ತಾಳೆ, ಈಗ ಬೈಯುತ್ತಾಳೆ ಎಂದು ಕಾದ. ಅವಳು ನಿಲ್ಲಿಸಲಿಲ್ಲ. ಒಂದು ಕೆಮ್ಮಿಲ್ಲ, ಒಂದು ನಗುವಿಲ್ಲ. ಇನ್ನೊಂದು ಪುಸ್ತಕ ಹಾಕಿದ, ಮತ್ತೊಂದು ಹಾಕಿದ. ಲೈಬ್ರರಿ ನಡೆಸುವ ಮೇಡಂ ಬಾಗಿಲು ತಟ್ಟಿ ಒಳಗೆ ಬಂದಾಗ ಅವನು ಒಂದೊಂದೇ ಫೋಲ್ಡರ್ ತೆರೆದು ಮುಚ್ಚಿ ಹುಡುಕುತ್ತಿದ್ದ.

"ಏನಾಯ್ತು ಸಾರ್? ಏನಾದ್ರೂ ಹೋಯ್ತಾ?" ಮೇಡಂ ಗಾಬರಿಯಿಂದ ಕೇಳಿದಳು. ವಯಸ್ಸಿನಲ್ಲಿ ಚಿಕ್ಕವಳು, ಕೆಟ್ಟವಳಲ್ಲ.

ಅವನು ಹೇಳಿದ. ಅವಳು ಪೂರ್ತಿ ಕೇಳಿ ಉಸಿರು ಬಿಟ್ಟಳು. "ಅಯ್ಯೋ, ಅಷ್ಟೇನಾ? ತಿದ್ದಿದ್ದೆಲ್ಲ ಇದೆಯಲ್ಲ ಸಾರ್. ಸದ್ಯ! ಎರಡೆರಡು ಇದ್ದದ್ದು ಒಂದಾಯ್ತು ಅಷ್ಟೆ. ನಾನು ಅಕ್ಕನ ಪುಸ್ತಕಾನೇ ಹೋಯ್ತೇನೋ ಅಂತ ಹೆದರಿಬಿಟ್ಟಿದ್ದೆ."

"ಹ್ಞೂಂ ಮೇಡಂ, ಅಷ್ಟೆ," ಅಂದ ಕತ್ತರಿ.

ಹೆಂಡತಿಗೆ ಹೇಳಿದಾಗ ಅವಳು ಕೈಯಲ್ಲಿದ್ದ ಬಟ್ಟೆ ಮಡಿಸುವುದನ್ನು ಬಿಟ್ಟು ಕೂತಳು. "ರೀ, ಎಲ್ಲಾದ್ರೂ ಒಂದು ಕಡೆ ನೀವು ಕತ್ತರಿಸೋಕೆ ಮರೆತಿರ್ತೀರಿ. ನೋಡಿ," ಅಂದಳು.

ಆ ಒಂದು ಮಾತಿಗೆ ಜೋತುಬಿದ್ದು ಅವನು ಅಕ್ಕನ ಪುಸ್ತಕಗಳನ್ನು ಮೊದಲಿನಿಂದ ಕೇಳತೊಡಗಿದ. ಊಟದ ಬಿಡುವಿನಲ್ಲಿ, ಬಸ್ಸಿನಲ್ಲಿ, ಓದುವವರು ತಡವಾಗಿ ಬಂದರೆ ಆ ಹೊತ್ತಿನಲ್ಲಿ. ಎಲ್ಲಾದರೂ ಒಂದು 'ಲೋ' ಉಳಿದಿದೆಯೇ, ಒಂದು ನಿಟ್ಟುಸಿರಾದರೂ ಇದೆಯೇ? ಇರಲಿಲ್ಲ. ಕತ್ತರಿಸಿದ ಜಾಗಗಳು ಅವನಿಗೆ ಮಾತ್ರ ಗೊತ್ತಾಗುತ್ತಿದ್ದವು. ಇಲ್ಲಿ ಅಕ್ಕ ಏನೋ ಹೇಳಿದ್ದಳು, ಇಲ್ಲಿ ನಕ್ಕಿದ್ದಳು ಎಂದು ತಿಳಿಯುತ್ತಿತ್ತು, ಏನು ಹೇಳಿದ್ದಳು ಎಂದು ನೆನಪಾಗುತ್ತಿರಲಿಲ್ಲ. ಇಷ್ಟು ವರ್ಷ ಊರೆಲ್ಲ ಹೊಗಳಿದ ತನ್ನ ಕೈಚಳಕದ ಮೇಲೆ ಅವನಿಗೆ ಮೊದಲ ಸಲ ಅಸಹ್ಯ ಬಂತು. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವವರನ್ನು ಕಂಡಿದ್ದೇವೆ. ಇಷ್ಟು ನಾಜೂಕಾಗಿ ತೋಡಿದವರನ್ನು ನಾನಂತೂ ಕಂಡಿಲ್ಲ.

ಗ್ರಂಥಾಲಯದ ಕೇಳುಗರಲ್ಲಿ ಒಬ್ಬ ಮುದುಕನಿದ್ದ. ಹುಟ್ಟಿನಿಂದ ಕಣ್ಣಿಲ್ಲ. ಟೆಲಿಫೋನ್ ಆಫೀಸಿನಲ್ಲಿ ಲೈನು ಜೋಡಿಸುವ ಕೆಲಸ ಮಾಡಿ ನಿವೃತ್ತನಾದವನು, ಹಾಗಾಗಿ ಎಲ್ಲರಿಗೂ ಟೆಲಿಫೋನ್ ಅಜ್ಜ. ಮೊಸರಲ್ಲಿ ಕಲ್ಲು ಹುಡುಕುವ ಜಾತಿ. ಹೊಸ ಪುಸ್ತಕ ಕೈಗೆ ಸಿಕ್ಕಿದರೆ ಸಾಕು, ಫೋನ್ ಮಾಡುತ್ತಿದ್ದ. ನಾಲ್ಕನೇ ಅಧ್ಯಾಯದಲ್ಲಿ ಕಾಗೆ ಕೂಗಿದೆ, ಅಲ್ಲೆಲ್ಲೋ ಪುಟ ಮಗುಚಿದ ಸದ್ದಿದೆ. ಅವನ ಫೋನ್ ಬಂದರೆ ಕತ್ತರಿ ಬೇರೆಯವರ ಕೈಗೆ ಕೊಟ್ಟು ಜಾರಿಕೊಳ್ಳುತ್ತಿದ್ದ. ಈ ಸಲ ತಾನೇ ಫೋನ್ ಮಾಡಿದ.

"ಅಜ್ಜಾ, ನಮ್ಮಕ್ಕನ ಓದಿನಲ್ಲಿ ಎಲ್ಲಾದ್ರೂ ತಪ್ಪು ಕೇಳಿಸಿತ್ತಾ? ಹಳೇದಾದ್ರೂ ಪರವಾಗಿಲ್ಲ, ಹೇಳಿ."

ಅಜ್ಜ ಕೇಳಿದ: "ಯಾಕೆ? ಕತ್ತರಿಸೋಕಾ?"

"ಇಲ್ಲ," ಅಂದ ಕತ್ತರಿ. ನಡೆದದ್ದನ್ನೆಲ್ಲ ಹೇಳಿದ.

ಅಜ್ಜ ಮರುದಿನ ಮೊಮ್ಮಗಳ ಭುಜ ಹಿಡಿದುಕೊಂಡು ಮಹಡಿ ಹತ್ತಿ ಬಂದ. ಅಂಗಿಯ ಒಳಜೇಬಿನಿಂದ ಕರವಸ್ತ್ರದಲ್ಲಿ ಸುತ್ತಿದ ಒಂದು ಸಿ.ಡಿ. ತೆಗೆದ. ಹಳೆಯ ಕಾದಂಬರಿಯೊಂದರ ಸಿ.ಡಿ. ಅದು. ಕತ್ತರಿ ಅದನ್ನು ತಯಾರಿಸುವಾಗ ದೊಡ್ಡಕ್ಷರದ ಫೋಲ್ಡರ್ ಬದಲು ಚಿಕ್ಕಕ್ಷರದ್ದಕ್ಕೆ ಕೈಯಿಟ್ಟು, ಒಂದು ಅಧ್ಯಾಯವನ್ನು ಕಚ್ಚಾದರಿಂದ ಎತ್ತಿ ಹಾಕಿಬಿಟ್ಟಿದ್ದ. ಅವನ ಇಡೀ ನೌಕರಿಯಲ್ಲಿ ಆದ ಅಂಥ ತಪ್ಪು ಅದೊಂದೇ ಇರಬೇಕು.

"ಕಾಗೆ ಕೂಗಿದ್ದಕ್ಕೆ ಫೋನ್ ಮಾಡ್ತೀರಿ, ಇದಕ್ಕೆ ಮಾಡಲಿಲ್ವಲ್ಲ ಅಜ್ಜಾ."

"ಮಾಡಿದ್ರೆ ನೀವು ವಾಪಸ್ ತರಿಸಿಕೊಂಡು ಶುದ್ಧ ಮಾಡಿ ಕಳಿಸ್ತಿದ್ರಿ," ಅಂದ ಅಜ್ಜ. "ನನ್ನನ್ನ ಏಕವಚನದಲ್ಲಿ ಮಾತಾಡಿಸೋರೆಲ್ಲ ಸತ್ತುಹೋದ್ರು ಕಣಪ್ಪಾ. ಈಗ ಎಲ್ರೂ ಬನ್ನಿ, ಕೂತ್ಕೊಳ್ಳಿ ಅನ್ನೋರೇ. ಈ ಅಧ್ಯಾಯ ಹಾಕಿದ್ರೆ ಯಾರೋ ನನಗೇ 'ಏನೋ' ಅಂದ ಹಾಗಾಗ್ತಿತ್ತು. ನಿಮ್ಮದು ಅಂತ ಗೊತ್ತಿತ್ತು, ಆದ್ರೂ ಕೊಡೋಕೆ ಮನಸ್ಸು ಬರಲಿಲ್ಲ. ನಕಲು ಮಾಡಿಕೊಳ್ಳಿ. ನನ್ನದು ನನಗೆ ಕೊಡಿ."

ಮೊಮ್ಮಗಳು ಹೊರಗೇ ಉಳಿದಳು. ಕತ್ತರಿ ಅಜ್ಜನನ್ನು ಕೂರಿಸಿ, ಹೆಡ್‌ಫೋನ್ ಬಿಟ್ಟು ಸ್ಪೀಕರಿಗೇ ಹಾಕಿದ. ಅಕ್ಕ ಓದಿದಳು. ಕಾದಂಬರಿಯ ತಾಯಿ ಮಗನಿಗೆ ಏನೋ ಹೇಳುವ ಭಾಗ. ಒಂದು ಪದದ ಹತ್ತಿರ ನಾಲಿಗೆ ತುಸು ಎಡವಿತು, ಕೇಳಿಯೂ ಕೇಳದಷ್ಟು. ಅಕ್ಕ ನಿಂತಳು.

"ತಪ್ಪಾಯ್ತಾ ಪುಟ್ಟಾ?"

ಆಮೇಲೆ ಮೌನ. ಗಾಜಿನ ಈಚೆಯಿಂದ ಅವನು ಗುಂಡಿ ಒತ್ತಿ ಏನೋ ಹೇಳಿದ್ದ ಹೊತ್ತು ಅದು. ಏನು ಹೇಳಿದ್ದೆ ಎಂದು ಅವನಿಗೆ ನೆನಪಿರಲಿಲ್ಲ. ಉತ್ತರ ಅಕ್ಕನಿಂದಲೇ ಬಂತು, ಮೆತ್ತಗೆ, ಸೋತ ದನಿಯಲ್ಲಿ.

"ಆಯ್ತು ಮಾರಾಯ, ಸಿಡುಕಬೇಡ. ಗಂಟಲು ನೋಯ್ತಿದೆ ಅದಕ್ಕೇ. ಇನ್ನೊಂದ್ಸಲ ಓದ್ತೀನಿ."

ಅವಳು ಆ ವಾಕ್ಯವನ್ನು ಮೊದಲಿನಿಂದ ಓದತೊಡಗಿದಳು. ಕತ್ತರಿ ಎದ್ದು ಗಾಜಿನ ಹತ್ತಿರ ಹೋದ. ಆಚೆ ಖಾಲಿ ಕುರ್ಚಿ, ಮೈಕು. ಕಣ್ಣಿಲ್ಲದ ಮುದುಕನ ಮುಂದೆ ಅಳು ಬಚ್ಚಿಡುವ ಅಗತ್ಯವಿಲ್ಲ ಎಂದುಕೊಂಡಿದ್ದನೋ ಏನೋ, ಆದರೆ ದನಿ ಹೊರಗೆ ಬಂದೇಬಿಟ್ಟಿತು.

"ಸರಿಯಾಗೇ ಇತ್ತಕ್ಕಾ," ಅಂದ. "ಮೊದಲನೇ ಸಲಾನೇ ಸರಿಯಾಗಿ ಓದಿದ್ದೆ ನೀನು."