ಮೋಟಾರು ದೋಣಿಗೆ ಹೋದ ತುರುಬಿನ ಪಿನ್ನು

ಬೀದರ ಮೈಸೂರು ರಾಜ್ಯಕ್ಕ ಸೇರಿದ ಹೊಸತರಾಗ ಮಾಂಜ್ರಾ ನದಿಗೆ ಮೋಟಾರು ದೋಣಿ ಬಂತರಿ. ಸಂಬಂಧ ಕೂಡಸೋ ನಾನೂ ವರನ ಸೋದರತ್ತಿ ಚಂದ್ರಾಬಾಯಿನೂ ಕೂಡಿ ಭಾಲ್ಕಿಯಿಂದ ಔರಾದ ಕಡೆ ಕನ್ಯಾ ನೋಡ್ಲಾಕ ಹೊಂಟಿದ್ವಿ.

"ಹುಡುಗಿ ಜಡಿ ಬಿಚ್ಚಿ ನೋಡ್ತೇನಿ. ಸುಳ್ಳು ಕೂದಲಾ ಸಿಕ್ಕರ ಸಂಬಂಧನೇ ಬ್ಯಾಡ," ಅಂತ ದಾರಿತುಂಬ ಆಕಿ ಗುಡುಗಿದಳು.

ನದಿ ದಂಡಿಗೆ ಬಂದ್ರ, ಮೈಸೂರು ಕಡೆಯ ಮಿಸ್ತ್ರಿ ಮೋಟಾರಿನ ಶಾಫ್ಟು ಬಿಚ್ಚಿ, ಗ್ರೀಸು ಹಚ್ಚಿ, ಮತ್ತ ಕೂಡಸ್ಲಾಕ ಹತ್ತಿದ್ದ. ನೀರು ತಳ್ಳೋ ಪಂಖಾನ ಶಾಫ್ಟಿಗೆ ಹಿಡಿಯೋ ಪಿನ್ನು ಕೈಜಾರಿ ನೀರಾಗ ಬಿತ್ತು.

"ಪಿನ್ನಿಲ್ಲದೆ ಶಾಫ್ಟು ತಿರುಗುತ್ತೆ ಕಣಮ್ಮಾ, ಫ್ಯಾನು ತಿರುಗಲ್ಲ," ಅಂದ.

"ಮುಹೂರ್ತ ಮೀರಿದ್ರ ಸಂಬಂಧ ಮುರೀತದ, ಏನರ ಮಾಡೋ ಮಾರಾಯಾ!" ಚಂದ್ರಾಬಾಯಿ ಬಾಯಿ ಬಡಕೊಂಡಳು.

ಆಕಿ ತುರುಬಿನಾಗ ಗಟ್ಟಿ ಕಬ್ಬಿಣದ ಪಿನ್ನಿತ್ತು. ನಾ ಸೀದಾ ಕೈ ಹಾಕಿ ಹಿರಿದೆ. ಪಿನ್ನಿನ ಜೋಡಿ ಇಡೀ ತುರುಬೇ ಕೈಗೆ ಬಂತರಿ! ತಲಿಮ್ಯಾಲ ಉಳಿದದ್ದು ಇಲಿಬಾಲದಷ್ಟು.

ಮಿಸ್ತ್ರಿ ನಗು ನುಂಗಿ, ಪಿನ್ನು ಕತ್ತರಿಸಿ ಶಾಫ್ಟಿಗೆ ಬಡಿದ. ದೋಣಿ ಹೊಂಟಿತು.

ಕನ್ಯಾದ ಮನ್ಯಾಗ ಚಂದ್ರಾಬಾಯಿ ಸೆರಗು ಹಣಿತನಕ ಎಳಕೊಂಡು, "ಜಡಿ ಏನ್ ನೋಡೋದ್ರಿ, ಹುಡುಗಿ ಗುಣ ಛಲೋ ಅದ," ಅಂದಳು.

ಲಗ್ನ ಆಯ್ತು. ಆ ಹುಡುಗಿ ಜಡಿ ಖರೇದೋ ಖೋಟಾನೋ, ಇವತ್ತಿಗೂ ನನಗ ಗೊತ್ತಾಗಿಲ್ಲರಿ. ಅದೊಂದೇ ಸಂಕಟ.